ಪ್ವಾಸಿಯ ಬಿಳಿಯ ಮನೆ: ಯಾರ ಮಾತು ನಂಬೋಣ?

ಒಂದು ಮನೆ ಹೇಗಿದೆಯೆಂದು ತಿಳಿಯಬೇಕಾದರೆ ಯಾರನ್ನು ಕೇಳಬೇಕು? ಕಟ್ಟಿದವರನ್ನೋ, ನೋಡಿ ಹೋದವರನ್ನೋ, ಅದರಲ್ಲಿ ವಾಸ ಮಾಡಿದವರನ್ನೋ? ಪ್ರಶ್ನೆ ಸುಲಭವಾಗಿ ಕಾಣುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಹೆಸರಾಂತ ಮನೆಗಳಲ್ಲಿ ಒಂದಾದ, ಫ್ರಾನ್ಸ್ ದೇಶದ ಪ್ವಾಸಿ ಎಂಬ ಊರಿನಲ್ಲಿರುವ ವಿಲ್ಲಾ ಸವ್ವಾದ ವಿಷಯದಲ್ಲಿ ಈ ಮೂವರ ಅಭಿಪ್ರಾಯವೂ ಮೂರು ದಿಕ್ಕಿಗೆ ಹೋಗುತ್ತದೆ. ಈ ಮಾಸಿಕದಲ್ಲಿ ಪುಸ್ತಕ, ನಾಟಕ, ಸಂಗೀತಗಳ ವಿಮರ್ಶೆ ಬರುವುದು ವಾಡಿಕೆ. ಮನೆಯ ವಿಮರ್ಶೆಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಪುಸ್ತಕ ಹಿಡಿಸದಿದ್ದರೆ ಮುಚ್ಚಿಡಬಹುದು, ನಾಟಕ ಹಿಡಿಸದಿದ್ದರೆ ನಡುವೆಯೇ ಎದ್ದು ಬರಬಹುದು. ಮನೆಯಿಂದ ಹಾಗೆ ಎದ್ದು ಬರಲಾಗುವುದಿಲ್ಲ. ಆದ್ದರಿಂದ ಮನೆಗಳ ವಿಮರ್ಶೆ ಮಿಕ್ಕವುಗಳ ವಿಮರ್ಶೆಗಿಂತ ಹೆಚ್ಚು ಅಗತ್ಯವೆಂದೇ ನಮ್ಮ ಎಣಿಕೆ.

ಪ್ಯಾರಿಸ್ ನಗರದಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಪ್ವಾಸಿ ಇದೆ. ವಿಮಾ ವ್ಯವಹಾರದಲ್ಲಿ ಶ್ರೀಮಂತರಾಗಿದ್ದ ಪಿಯೆರ್ ಸವ್ವಾ ಮತ್ತು ಅವರ ಪತ್ನಿ ಯೂಜೆನಿ ಸವ್ವಾ, ವಾರದ ಕೊನೆಗೆ ಬಂದು ತಂಗಲು ಅಲ್ಲೊಂದು ಮನೆ ಬೇಕೆಂದು 1928ರಲ್ಲಿ ಲೆ ಕಾರ್ಬುಸಿಯೆ ಅವರಿಗೆ ಕೆಲಸ ಒಪ್ಪಿಸಿದರು. ಚಂಡೀಗಢದ ಶಿಲ್ಪಿಯೆಂದು ನಮಗೆಲ್ಲ ಗೊತ್ತಿರುವ ಲೆ ಕಾರ್ಬುಸಿಯೆ ಇವರೇ. ಅವರಿಗೆ ಸಂಬಂಧದಲ್ಲಿ ಸೋದರರಾಗಬೇಕಾದ ಪಿಯೆರ್ ಜಾನರೆ ಎಂಬವರು ಕಚೇರಿಯಲ್ಲಿ ಪಾಲುದಾರರು. ಈ ಮನೆಯ ನಕ್ಷೆಯಲ್ಲೂ ಅವರ ಪಾಲಿದೆ. ಆ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. 1931ರ ಹೊತ್ತಿಗೆ ಮನೆ ಮುಗಿಯಿತು. ತಿಳಿಬೆಳಕಿನ ಗಳಿಗೆಗಳು ಎಂಬರ್ಥದ ಚೆಂದದ ಹೆಸರೊಂದನ್ನು ಆ ಮನೆಗೆ ಇಟ್ಟರು.

ಛಾಯಾಚಿತ್ರಗಳಲ್ಲಿ ನೋಡಿದವರಿಗೆ ಈ ಮನೆ ಮರೆಯುವಂಥದಲ್ಲ. ಹಸಿರು ಹುಲ್ಲುಗಾವಲಿನ ನಡುವೆ ಸಣ್ಣ ಸಣ್ಣ ಕಂಬಗಳು; ಅವುಗಳ ಮೇಲೆ ಬಿಳಿಯದೊಂದು ಚೌಕ. ಆ ಚೌಕದ ಸುತ್ತಲೂ ಪಟ್ಟಿ ಕಟ್ಟಿದಂತೆ ಒಂದೇ ಸಮನಾದ ಉದ್ದ ಕಿಟಕಿ. ನೆಲ ಅಂತಸ್ತಿನ ಗೋಡೆ ಒಳಕ್ಕೆ ಸರಿದು ಬಾಗಿಕೊಂಡಿದೆ. ಮೋಟಾರು ಕಾರು ತಿರುಗಲು ಎಷ್ಟು ಜಾಗ ಬೇಕೋ ಅದನ್ನು ಅಳೆದು ಆ ಬಾಗು ಕೊಟ್ಟಿದ್ದಾರೆ. ಒಳಗೆ ಹೋದರೆ ಮೆಟ್ಟಿಲುಗಳ ಜೊತೆಗೆ ನಿಧಾನವಾಗಿ ಏರುವ ಇಳಿಜಾರು ದಾರಿ. ಅದು ಮೊದಲ ಅಂತಸ್ತನ್ನು ಮುಟ್ಟಿ, ಅಲ್ಲಿನ ಬಯಲು ಅಂಗಳವನ್ನು ತೋರಿಸಿ, ಕೊನೆಗೆ ತಾರಸಿಯ ಮೇಲೆ ಆಕಾಶಕ್ಕೆ ತೆರೆದುಕೊಳ್ಳುತ್ತದೆ. ಕಂಬಗಳ ಮೇಲೆ ನಿಂತ ಮನೆ, ಕಂಬಗಳೇ ಭಾರ ಹೊರುವುದರಿಂದ ಬೇಕಾದಂತೆ ಇಡಬಹುದಾದ ಒಳಗೋಡೆಗಳು, ಹಾಗೆಯೇ ಭಾರದಿಂದ ಬಿಡುಗಡೆಯಾದ ಹೊರಗೋಡೆ, ಉದ್ದನೆಯ ಕಿಟಕಿ, ಛಾವಣಿಯ ಮೇಲಿನ ತೋಟ ಎಂಬ ಐದು ಸೂತ್ರಗಳನ್ನು ಲೆ ಕಾರ್ಬುಸಿಯೆ ಮೊದಲೇ ಸಾರಿದ್ದರು. ಐದಕ್ಕೂ ಒಂದೇ ಕಡೆ ಉದಾಹರಣೆ ಬೇಕೆಂದವರಿಗೆ ಈ ಮನೆಯನ್ನು ಬೆರಳು ಮಾಡಿ ತೋರಿಸುತ್ತಾರೆ.

ಶಿಲ್ಪಿಗಳ ಬಳಗ ಇದನ್ನು ಕೂಡಲೇ ಮೆಚ್ಚಿತು. 1932ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಏರ್ಪಡಿಸಿದ ಹೊಸ ವಾಸ್ತುಶಿಲ್ಪದ ಪ್ರದರ್ಶನದಲ್ಲಿ ಈ ಮನೆಯ ಮಾದರಿಯನ್ನಿಟ್ಟರು. ಅಂದಿನಿಂದ ಇದರ ಚಿತ್ರವಿಲ್ಲದ ಪಠ್ಯಪುಸ್ತಕ ಅಪರೂಪ. ಇನ್ನೊಂದು ಕಡೆ, ಕಂಬದ ಮೇಲಿಟ್ಟ ಪೆಟ್ಟಿಗೆಯೆಂದು ಹಾಸ್ಯ ಮಾಡಿದವರೂ ಇದ್ದರು. ಆಸ್ಪತ್ರೆಯಂತಿದೆ, ಹಡಗಿನಂತಿದೆ, ಮನೆಯಂತಿಲ್ಲ ಎಂಬ ಮಾತು ಇಂಥ ಕಟ್ಟಡಗಳ ಬಗ್ಗೆ ಈಗಲೂ ಕೇಳಿಬರುತ್ತದೆ. ಈ ಹಾಸ್ಯಕ್ಕೆ ನಮ್ಮ ಒಪ್ಪಿಗೆಯಿಲ್ಲ. ಕಣ್ಣಿಗೆ ಅಭ್ಯಾಸವಿಲ್ಲದ್ದೆಲ್ಲ ಕೆಟ್ಟದ್ದಾಗಬೇಕಿಲ್ಲ. ಇಳಿಜಾರು ದಾರಿಯಲ್ಲಿ ನಡೆಯುವವನಿಗೆ ಹೆಜ್ಜೆ ಹೆಜ್ಜೆಗೂ ನೋಟ ಬದಲಾಗುವಂತೆ ಮಾಡಿದ್ದು, ಮಹಡಿಯ ಮೇಲೆ ಅಂಗಳವನ್ನು ತಂದು ಅದಕ್ಕೆ ದೊಡ್ಡ ಗಾಜಿನ ಬಾಗಿಲಿನಿಂದ ಕೂಡುಕೋಣೆಯನ್ನು ಹೊಂದಿಸಿದ್ದು ಸಾಮಾನ್ಯ ಪ್ರತಿಭೆಯ ಕೆಲಸವಲ್ಲ. ನಡುವೆ ಬಯಲು ಅಂಗಳವಿದ್ದು ಸುತ್ತಲೂ ಕೋಣೆಗಳಿರುವ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದರ ಸೊಗಸು ಬೇಗ ಅರ್ಥವಾಗುತ್ತದೆ. ಚೆಲುವಿನ ಪ್ರಶ್ನೆಯಲ್ಲಿ ನಮ್ಮ ಮತ ಮೆಚ್ಚಿದವರ ಕಡೆಗೇ.

ಇನ್ನು ಮನೆಯೊಡತಿಯ ಅಭಿಪ್ರಾಯಕ್ಕೆ ಬರೋಣ. ಶ್ರೀಮತಿ ಸವ್ವಾ ಶಿಲ್ಪಿಗೆ ಬರೆದ ಕಾಗದಗಳು ಉಳಿದು ಬಂದಿವೆ. ಅವುಗಳಲ್ಲಿ ಸೂತ್ರಗಳ ಪ್ರಸ್ತಾಪವಿಲ್ಲ, ಮಳೆಯ ಪ್ರಸ್ತಾಪವಿದೆ. ಬೆಳಕಿಂಡಿಯ ಮೇಲೆ ಮಳೆ ಬಿದ್ದು ಆಗುವ ಸದ್ದಿನಿಂದ ರಾತ್ರಿ ನಿದ್ರೆಯಿಲ್ಲವೆಂದು ದೂರುತ್ತಾರೆ. 1936ರ ಕಾಗದವೊಂದರಲ್ಲಿ ಹಜಾರದಲ್ಲಿ ಮಳೆ, ಇಳಿಜಾರು ದಾರಿಯಲ್ಲಿ ಮಳೆ, ಕಾರು ನಿಲ್ಲಿಸುವ ಕಡೆ ಗೋಡೆಯೆಲ್ಲ ನೀರು ಕುಡಿದು ನಿಂತಿದೆ, ತಮ್ಮ ಬಚ್ಚಲುಮನೆಯಲ್ಲಿ ಬೆಳಕಿಂಡಿಯಿಂದ ನೀರು ಇಳಿಯುತ್ತಿದೆ ಎಂದು ಒಂದೊಂದೇ ಜಾಗವನ್ನು ಎಣಿಸುತ್ತಾರೆ. ಮರುವರ್ಷದ ಕಾಗದದಲ್ಲಿ ಸ್ವರ ಗಟ್ಟಿಯಾಗಿದೆ. ಮನೆ ವಾಸಕ್ಕೆ ಯೋಗ್ಯವಲ್ಲ, ಕಟ್ಟಿದವರಿಗೆ ಹತ್ತು ವರ್ಷದ ಹೊಣೆಯಿದೆ, ಕೂಡಲೇ ಸರಿಪಡಿಸದಿದ್ದರೆ ಕಾನೂನಿನ ದಾರಿ ಹಿಡಿಯಬೇಕಾದೀತು ಎಂದು ಎಚ್ಚರಿಸುತ್ತಾರೆ.

ಶಿಲ್ಪಿಯ ಕಡೆಯಿಂದ ಬಂದ ಸಲಹೆಯೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮನೆ ಮುಗಿದ ಹೊಸತರಲ್ಲೇ ಅವರು, ಕೆಳಗಿನ ಹಜಾರದ ಮೇಜಿನ ಮೇಲೆ ಒಂದು ಅತಿಥಿಪುಸ್ತಕವನ್ನಿಡಿ, ಬಂದವರಿಂದೆಲ್ಲ ಹೆಸರು ವಿಳಾಸ ಬರೆಸಿಕೊಳ್ಳಿ, ಎಂಥೆಂಥವರ ಹಸ್ತಾಕ್ಷರಗಳು ಕೂಡುತ್ತವೆ ನೋಡುವಿರಂತೆ ಎಂದು ಒಡತಿಗೆ ಬರೆದರು. ಮುಂದೆ ಅದೇ ಹಜಾರದಲ್ಲಿ ಮಳೆ ಬೀಳಲಿತ್ತು. ನಾವು ಗುಮಾಸ್ತಗಿರಿಯವರು, ಬಿ.ಎಸ್‌ಸಿ. ಮುಗಿಸಿ ಕೇಂದ್ರ ಸರಕಾರದ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವರು. ಕಚೇರಿಗಳಲ್ಲಿ ಎರಡು ಬಗೆಯ ಪುಸ್ತಕಗಳಿರುವುದನ್ನು ಬಲ್ಲೆವು. ಒಂದು, ದೊಡ್ಡವರು ಬಂದಾಗ ಸಹಿ ಹಾಕಿಸಿಕೊಳ್ಳುವ ರಟ್ಟು ಕಟ್ಟಿದ ಪುಸ್ತಕ; ಅದರಲ್ಲಿ ಎಲ್ಲರೂ ಮೆಚ್ಚುಗೆಯನ್ನೇ ಬರೆಯುತ್ತಾರೆ. ಇನ್ನೊಂದು, ಗೋಡೆಗೆ ಮೊಳೆ ಹೊಡೆದು ದಾರ ಕಟ್ಟಿ ನೇತು ಹಾಕಿದ ದೂರು ಪುಸ್ತಕ. ಅದನ್ನು ತೆರೆದು ನೋಡುವವರು ಅಪರೂಪ. ವಿಲ್ಲಾ ಸವ್ವಾದ ಕೀರ್ತಿ ಬಹಳ ಕಾಲ ಮೊದಲನೆಯ ಪುಸ್ತಕದಿಂದಲೇ ಬೆಳೆಯಿತು. ಸಹಿ ಹಾಕಿದವರು ಸುಳ್ಳು ಬರೆದರೆಂದು ಇದರ ಅರ್ಥವಲ್ಲ. ಅವರು ಮಧ್ಯಾಹ್ನ ಬಂದು ಸಂಜೆ ಹೋದವರು, ಕಂಡದ್ದನ್ನು ಬರೆದರು. ರಾತ್ರಿ ಬೆಳಕಿಂಡಿಯ ಸದ್ದನ್ನು ಕೇಳುವ ಪ್ರಸಂಗ ಅವರಿಗೆ ಬರಲಿಲ್ಲ.

ಮನೆ ಸೋರಿದ್ದೇಕೆ? ಇದಕ್ಕೆ ದೊಡ್ಡ ವಿಜ್ಞಾನವೇನೂ ಬೇಡ. ನೀರಿಗೆ ಇಳಿಜಾರು ಕೊಟ್ಟರೆ ಹರಿದು ಹೋಗುತ್ತದೆ, ಸಮತಟ್ಟು ಕೊಟ್ಟರೆ ನಿಲ್ಲುತ್ತದೆ. ನಿಂತ ನೀರು ಸಂದು ಹುಡುಕುತ್ತದೆ. ಕಾಂಕ್ರೀಟು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ವಸ್ತು. ಇಪ್ಪತ್ತು ಮೀಟರ್ ಉದ್ದದ ಕಾಂಕ್ರೀಟು ಹಾಸು, ಉಷ್ಣತೆ 30 ಡಿಗ್ರಿ ಸೆಂಟಿಗ್ರೇಡ್ ಏರಿಳಿದರೆ, ಸುಮಾರು 6 ಮಿಲಿಮೀಟರ್ ಉದ್ದವಾಗಿ ಗಿಡ್ಡವಾಗುತ್ತದೆ. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯೂ ಹಾಕಬಹುದಾದ ಲೆಕ್ಕ ಇದು. ಕೂದಲೆಳೆಯ ಬಿರುಕು ಸಾಕು ನೀರು ಇಳಿಯಲು. ಮೇಲಾಗಿ ಈ ಮನೆಯ ಮೇಲ್ಭಾಗ ಒಂದೇ ಹಾಸಲ್ಲ. ತಾರಸಿ, ಗಿಡದ ತೊಟ್ಟಿ, ಬೆಳಕಿಂಡಿ, ಗಾಜು, ಬಯಲಿಗೆ ಏರುವ ದಾರಿ ಎಲ್ಲವೂ ಒಂದನ್ನೊಂದು ಕೂಡುತ್ತವೆ. ಕೂಡುವ ಪ್ರತಿಯೊಂದು ಗೆರೆಯೂ ಸೋರಿಕೆಗೆ ಒಂದು ಬಾಗಿಲು. ಗೋಡೆಗಳೂ ನೋಡಲು ಯಂತ್ರದಲ್ಲಿ ಎರಕ ಹೊಯ್ದಂತೆ ಕಂಡರೂ, ನಿಜವಾಗಿ ಕಾಂಕ್ರೀಟು ಚೌಕಟ್ಟಿನ ನಡುವೆ ಗೋಡೆ ತುಂಬಿ ಮೇಲೆ ಗಿಲಾವು ಮಾಡಿದಂಥವು. ಚೌಕಟ್ಟು ಒಂದು ಬಗೆಯಲ್ಲಿ ಹಿಗ್ಗಿದರೆ ತುಂಬಿದ ಗೋಡೆ ಇನ್ನೊಂದು ಬಗೆಯಲ್ಲಿ ಹಿಗ್ಗುತ್ತದೆ. ಅದನ್ನು ಮುಚ್ಚಲು ಸಜ್ಜವಿಲ್ಲ, ಸೂರಿಲ್ಲ. ಅವಿದ್ದರೆ ಬಿಳಿಯ ಚೌಕದ ಅಂದ ಕೆಡುತ್ತಿತ್ತು.

ಮನೆಯೂ ಬದುಕಲಿಕ್ಕೆ ಇರುವ ಒಂದು ಯಂತ್ರವೆಂದು ಲೆ ಕಾರ್ಬುಸಿಯೆ ವಾದಿಸಿದ್ದು ಲೋಕಕ್ಕೆಲ್ಲ ಗೊತ್ತು. ಆ ಮಾತಿನ ಮೇಲೆ ಬಹಳ ಮಂದಿ ಸಿಟ್ಟಾಗಿದ್ದಾರೆ. ನಮಗೆ ಸಿಟ್ಟಿಲ್ಲ, ಆ ಮಾತನ್ನು ಅವರು ಕೊನೆತನಕ ಪಾಲಿಸಲಿಲ್ಲವೆಂಬುದಷ್ಟೇ ನಮ್ಮ ಆಕ್ಷೇಪ. ಯಂತ್ರ ಮಾಡಿದವನು ಅದನ್ನು ಓಡಿಸಿ ನೋಡುತ್ತಾನೆ, ಕೆಟ್ಟ ಭಾಗವನ್ನು ಬದಲಿಸುತ್ತಾನೆ, ಓಡಿಸುವವನ ದೂರನ್ನು ಕೇಳಿ ಮುಂದಿನ ಮಾದರಿಯನ್ನು ತಿದ್ದುತ್ತಾನೆ. ಸೋರುವ ನಲ್ಲಿಯ ಬಗ್ಗೆ ದೂರು ಕೊಟ್ಟವನಿಗೆ ನಲ್ಲಿಯ ಸೌಂದರ್ಯವನ್ನು ಯಾರೂ ವಿವರಿಸುವುದಿಲ್ಲ. ಯಂತ್ರದ ಮಾತನ್ನು ಶ್ರದ್ಧೆಯಿಂದ ಪಾಲಿಸುವುದಾದರೆ ಶ್ರೀಮತಿ ಸವ್ವಾ ಅವರ ಕಾಗದಗಳೇ ಆ ಮನೆಯ ಅತ್ಯುತ್ತಮ ವಿಮರ್ಶೆ. ಅವು ಪರೀಕ್ಷೆಯ ವರದಿಗಳು; ತಾರೀಖು, ಜಾಗ, ಲಕ್ಷಣ ಎಲ್ಲವೂ ಅವುಗಳಲ್ಲಿವೆ.

ಈ ವ್ಯಾಜ್ಯ ಕೋರ್ಟಿನಲ್ಲಿ ತೀರ್ಮಾನವಾಗಲಿಲ್ಲ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. 1940ರಲ್ಲಿ ಸವ್ವಾ ಕುಟುಂಬ ಮನೆ ಬಿಟ್ಟಿತು. ಮೊದಲು ಜರ್ಮನ್ ಸೈನಿಕರು, ಆಮೇಲೆ ಅಮೆರಿಕದ ಸೈನಿಕರು ಅಲ್ಲಿ ಬೀಡು ಬಿಟ್ಟರು, ಮನೆ ಹಾಳಾಯಿತು. ಯುದ್ಧ ಮುಗಿದ ಮೇಲೆ ಸುತ್ತಲಿನ ಜಮೀನಿನಲ್ಲಿ ಸಾಗುವಳಿ ನಡೆಯಿತೇ ಹೊರತು ಮನೆಯಲ್ಲಿ ಸಂಸಾರ ಹೂಡಲಿಲ್ಲ. ಜಗತ್ತಿನ ಶಿಲ್ಪಿಗಳು ಪಠ್ಯಪುಸ್ತಕದಲ್ಲಿ ನೋಡುತ್ತಿದ್ದ ಕೂಡುಕೋಣೆಯಲ್ಲಿ ಒಣಹುಲ್ಲು ತುಂಬಿತ್ತು. 1958ರಲ್ಲಿ ಪ್ವಾಸಿಯ ಪುರಸಭೆ ಆಸ್ತಿಯನ್ನು ಸ್ವಾಧೀನಪಡಿಸಿಕೊಂಡಿತು. ಊರು ಬೆಳೆಯುತ್ತಿತ್ತು, ಮಕ್ಕಳಿಗೆ ಪ್ರೌಢಶಾಲೆ ಬೇಕಿತ್ತು. ಹಾಳುಬಿದ್ದ ಮನೆಯನ್ನು ಕೆಡವಿ ಶಾಲೆ ಕಟ್ಟುವ ಯೋಚನೆ ಹುಟ್ಟಿತು. ಆಗ ದೇಶವಿದೇಶಗಳ ಶಿಲ್ಪಿಗಳೂ ಕಲಾಭಿಮಾನಿಗಳೂ ಎಚ್ಚೆತ್ತು ಪತ್ರಗಳ ಮಳೆಗರೆದರು. 1959ರಲ್ಲಿ ಫ್ರಾನ್ಸಿನ ಸಂಸ್ಕೃತಿ ಖಾತೆಯ ಮಂತ್ರಿಗಳಾದ, ಸ್ವತಃ ಪ್ರಸಿದ್ಧ ಸಾಹಿತಿಗಳಾದ ಆಂದ್ರೆ ಮಾಲ್ರೋ ಅವರ ಕಾಲದಲ್ಲಿ ಮನೆ ಉಳಿಯಿತು. 1965ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರಿಸಲಾಯಿತು. ಅದೇ ವರ್ಷ ಆಗಸ್ಟ್ 27ರಂದು ಲೆ ಕಾರ್ಬುಸಿಯೆ ತೀರಿಕೊಂಡರು. ಶಾಲೆಯೂ ಪಕ್ಕದಲ್ಲೇ ಎದ್ದಿತು. ಅದಕ್ಕೆ ಲೆ ಕಾರ್ಬುಸಿಯೆ ಅವರದೇ ಹೆಸರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಪುರಸಭೆಯನ್ನು ಅರಸಿಕರ ಗುಂಪಾಗಿಯೂ, ಪತ್ರ ಬರೆದವರನ್ನು ರಕ್ಷಕರಾಗಿಯೂ ಚಿತ್ರಿಸುತ್ತಾರೆ. ನಮಗೆ ಅಷ್ಟು ಸರಳವಾಗಿ ಕಾಣುವುದಿಲ್ಲ. ಮಕ್ಕಳಿಗೆ ಶಾಲೆ ಬೇಕೆಂಬುದೂ ಒಂದು ಅಭಿಪ್ರಾಯವೇ, ಗೌರವಕ್ಕೆ ಅರ್ಹವಾದ ಅಭಿಪ್ರಾಯ. ಆದರೂ ಮನೆ ಉಳಿದದ್ದು ಒಳ್ಳೆಯದಾಯಿತೆಂದೇ ನಾವು ಹೇಳುತ್ತೇವೆ. ಒಂದು ಕಾಲದ ಜನ ಹೊಸ ಬದುಕಿನ ಬಗ್ಗೆ ಕಂಡ ಕನಸು ಆ ಕಂಬಗಳ ಮೇಲೆ ನಿಂತಿದೆ. ಕನಸು ಸೋರುತ್ತಿತ್ತೆಂಬ ಕಾರಣಕ್ಕೆ ಅದನ್ನು ಕೆಡವಿಬಿಟ್ಟರೆ, ಸೋರಿದ್ದೇಕೆಂದು ಮುಂದಿನವರು ಕಲಿಯುವುದಾದರೂ ಎಲ್ಲಿ? ದೀರ್ಘಕಾಲದ ದುರಸ್ತಿ 1997ರಲ್ಲಿ ಮುಗಿದ ಮೇಲೆ ಜನ ಟಿಕೆಟು ಕೊಂಡು ಒಳಗೆ ಹೋಗಿ ನೋಡುತ್ತಿದ್ದಾರೆ. 2016ರಲ್ಲಿ ಯುನೆಸ್ಕೋ ಸಂಸ್ಥೆ ಏಳು ದೇಶಗಳಲ್ಲಿರುವ ಲೆ ಕಾರ್ಬುಸಿಯೆ ಅವರ 17 ಕೃತಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ವಿಲ್ಲಾ ಸವ್ವಾ ಇದೆ, ನಮ್ಮ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವೂ ಇದೆ. ಈಗ ಆ ಬಿಳಿಯ ಮನೆಯಲ್ಲಿ ಬರುವವರೆಲ್ಲ ಅತಿಥಿಗಳೇ, ನಿವಾಸಿಗಳು ಯಾರೂ ಇಲ್ಲ. ನೋಡುವುದಕ್ಕಾಗಿಯೇ ಉಳಿದ ಮನೆಯನ್ನು ನೋಡುಗರ ಮಾತಿನಿಂದ ಅಳೆಯುವುದರಲ್ಲಿ ಈಗ ಅನ್ಯಾಯವೇನೂ ಇಲ್ಲ.

ಅನ್ಯಾಯ ಆರಂಭವಾಗುವುದು ಬೇರೆ ಕಡೆ. ಸವ್ವಾ ದಂಪತಿಗಳಿಗೆ ಅದು ವಾರದ ಕೊನೆಯ ಮನೆ. ಸೋರಿದರೆ ಕಾಗದ ಬರೆಯುವ ಧೈರ್ಯ, ವಕೀಲರನ್ನು ಇಡುವ ಹಣ, ಬಿಟ್ಟು ಹೋಗಲು ಇನ್ನೊಂದು ಮನೆ ಎಲ್ಲವೂ ಅವರಿಗಿದ್ದವು. ಆದರೆ ಅತಿಥಿಪುಸ್ತಕದ ಸಹಿಗಳನ್ನು ನಂಬಿ, ಸಪಾಟು ಛಾವಣಿ, ಸಜ್ಜವಿಲ್ಲದ ಗೋಡೆ, ಬಿಸಿಲಿಗೆ ಎದುರಾದ ಗಾಜುಗಳನ್ನು ಲೋಕವೆಲ್ಲ ನಕಲು ಮಾಡಿದಾಗ, ಆ ನಕಲುಗಳಲ್ಲಿ ವಾಸಕ್ಕೆ ಬಿದ್ದವರು ಆಯ್ಕೆಯಿಲ್ಲದ ಜನ: ಸರಕಾರಿ ವಸತಿಯವರು, ಬಾಡಿಗೆಯವರು, ಸಾಲ ತೆಗೆದು ಎರಡು ಕೋಣೆ ಕೊಂಡವರು. ಸಪಾಟು ಛಾವಣಿ ತಾನಾಗಿಯೇ ಕೆಟ್ಟದ್ದಲ್ಲ. ಮಳೆ ಕಡಿಮೆಯಿರುವ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ತಲೆಮಾರುಗಳ ಕಾಲ ನಿಂತಿವೆ. ಮಲೆನಾಡಿನಲ್ಲಿ ಹಾಗೆ ಕಟ್ಟಿದವರು ಯಾರೂ ಇಲ್ಲ, ಅಲ್ಲಿ ಇಳಿಮಾಡಿನ ಹೆಂಚು. ಅಲ್ಲಿನ ಜನ ಕೇಳಿದ್ದು ಮಳೆಯ ಅಭಿಪ್ರಾಯವನ್ನು.

ಇಲ್ಲಿಯೇ ಪಿಯೆರ್ ಜಾನರೆ ಅವರನ್ನು ನೆನೆಯಬೇಕು. ಪ್ವಾಸಿಯ ಮನೆಗೆ ಪಾಲುದಾರರಾಗಿದ್ದ ಇವರು 1951ರಲ್ಲಿ ಚಂಡೀಗಢ ಕಟ್ಟುವ ಕೆಲಸಕ್ಕೆ ಭಾರತಕ್ಕೆ ಬಂದರು. ಲೆ ಕಾರ್ಬುಸಿಯೆ ಆಗಾಗ ಬಂದು ಹೋಗುತ್ತಿದ್ದರು. ಜಾನರೆ 1965ರವರೆಗೆ ಇಲ್ಲೇ ಉಳಿದರು. ಅಲ್ಲಿನ ಸರಕಾರಿ ನೌಕರರ ಮನೆಗಳನ್ನು ದರ್ಜೆವಾರು ರೂಪಿಸಿದವರಲ್ಲಿ ಇವರೂ, ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ ದಂಪತಿಗಳೂ, ನಮ್ಮ ದೇಶದ ಹಲವು ಯುವ ಶಿಲ್ಪಿಗಳೂ ಇದ್ದರು. ಆ ಮನೆಗಳಲ್ಲಿ ಬಿಳಿಯ ಗಿಲಾವಿನ ಹಟ ಕಾಣುವುದಿಲ್ಲ. ಊರಿನಲ್ಲೇ ಸಿಗುವ ಇಟ್ಟಿಗೆ, ಗಾಳಿಯಾಡುವ ಜಾಲರಿ ಗೋಡೆ, ಒಳಕ್ಕೆ ಸರಿಸಿದ ಕಿಟಕಿ, ನೆರಳಿಗೊಂದು ಪಡಸಾಲೆ. ಛಾವಣಿ ಮಾತ್ರ ಸಪಾಟೇ. ಪಂಜಾಬಿನಲ್ಲಿ ಬೇಸಗೆಯ ರಾತ್ರಿ ಜನ ತಾರಸಿಯ ಮೇಲೆ ಹಾಸಿಕೊಂಡು ಮಲಗುತ್ತಾರೆ, ಆದ್ದರಿಂದ ಅಲ್ಲಿ ಅದಕ್ಕೆ ಅರ್ಥವಿತ್ತು. ಅಷ್ಟೇ ಅಲ್ಲ, ಜಾನರೆ ತಾವು ರೂಪಿಸಿದ ಅಂಥದೇ ಒಂದು ಸರಕಾರಿ ಮನೆಯಲ್ಲಿ, ಐದನೆಯ ಸೆಕ್ಟರಿನಲ್ಲಿ, ಹತ್ತು ವರ್ಷಕ್ಕೂ ಮೇಲ್ಪಟ್ಟು ಸ್ವತಃ ವಾಸ ಮಾಡಿದರು. ಆ ಮನೆ 2017ರಿಂದ ವಸ್ತುಸಂಗ್ರಹಾಲಯವಾಗಿದೆ. 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡ ಅವರ ಚಿತಾಭಸ್ಮವನ್ನು 1970ರಲ್ಲಿ ಚಂಡೀಗಢದ ಸುಖನಾ ಸರೋವರದಲ್ಲಿ ಬಿಟ್ಟರು. ಲೋಕದ ಅತಿಥಿಪುಸ್ತಕಗಳಲ್ಲಿ ಜಾನರೆ ಅವರ ಹೆಸರು ಅಣ್ಣನ ಹೆಸರಿನಷ್ಟು ದೊಡ್ಡ ಅಕ್ಷರದಲ್ಲಿಲ್ಲ. ಕಟ್ಟಿದವನೇ ನಿವಾಸಿಯಾದರೆ ಏನಾಗುತ್ತದೆಂಬುದಕ್ಕೆ ಮಾತ್ರ ಅವರಿಗಿಂತ ಒಳ್ಳೆಯ ಸಾಕ್ಷಿ ನಮಗೆ ಗೊತ್ತಿಲ್ಲ.

ಈ ವಾದ ಹಳೆಯದಾಗಿ ಮುಗಿದುಹೋದದ್ದೂ ಅಲ್ಲ. ಚಂಡೀಗಢದ ಹೈಕೋರ್ಟು ಕಟ್ಟಡ ಲೆ ಕಾರ್ಬುಸಿಯೆ ಅವರ ಕೃತಿ, ಯುನೆಸ್ಕೋ ಪಟ್ಟಿಯ ಭಾಗ. ಅಲ್ಲಿ ಒಂದನೆಯ ನಂಬರಿನ ಕೋರ್ಟು ಕೋಣೆಯ ಮುಂದೆ ಬಿಸಿಲು ಮಳೆಗೆ ನಿಲ್ಲಲು ಒಂದು ವರಾಂಡ ಬೇಕೆಂದು ಹೈಕೋರ್ಟು 2024ರ ನವೆಂಬರಿನಲ್ಲಿ ಆದೇಶಿಸಿತು. ಹಾಗೆ ಕಟ್ಟಿದರೆ ಪರಂಪರೆಯ ಪಟ್ಟಿಯಲ್ಲಿನ ಸ್ಥಾನಕ್ಕೆ ಕುಂದು ಬರುತ್ತದೆಂದು ಚಂಡೀಗಢದ ಆಡಳಿತ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವರಾಂಡದ ಪರವಾಗಿಯೇ ತೀರ್ಪು ಕೊಟ್ಟಿತು. ಎರಡೂ ಕಡೆ ಹೇಳುವ ಮಾತಿದೆ. ಶಿಲ್ಪಿಯ ಕೃತಿಗೆ ಕಂಡಕಂಡವರು ಕೈಹಾಕುವುದು ಸರಿಯಲ್ಲ. ಆದರೆ ಬಾಗಿಲಲ್ಲಿ ನಿಂತ ಕಕ್ಷಿದಾರ ಪ್ರವಾಸಿಯಲ್ಲ. ತನ್ನ ಕೇಸು ಕೂಗುವವರೆಗೆ ಅಲ್ಲೇ ನಿಲ್ಲಬೇಕಾದವನು. ಶ್ರೀಮತಿ ಸವ್ವಾ ಅವರ ದೂರಿಗೆ ಸಿಗದ ತೀರ್ಪು ಅವರ ಶಿಲ್ಪಿಯ ಇನ್ನೊಂದು ಕಟ್ಟಡದ ಬಾಗಿಲಲ್ಲಿ, ಎಂಬತ್ತೆಂಟು ವರ್ಷಗಳ ಮೇಲೆ ಸಿಕ್ಕಿತೆಂದು ನಾವು ತಿಳಿಯುತ್ತೇವೆ.

ಹಾಗಾದರೆ ನಮ್ಮ ತೀರ್ಮಾನವೇನು? ವಿಲ್ಲಾ ಸವ್ವಾ ದೊಡ್ಡ ಕಲಾಕೃತಿ. ಅದೇ ಕಾಲಕ್ಕೆ ಕೆಟ್ಟ ಮನೆ. ಇವೆರಡರಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವ ವಿಮರ್ಶೆಯನ್ನು ಒಪ್ಪಲಾಗದು. ಅದನ್ನು ಹೊಗಳುವ ಪುಸ್ತಕಗಳೆಲ್ಲ ಛಾಯಾಚಿತ್ರದ ಪಕ್ಕದಲ್ಲಿ ಒಡತಿಯ ಕಾಗದಗಳನ್ನೂ ಅಚ್ಚು ಮಾಡಲಿ. ಕಾಗದಗಳನ್ನು ತೋರಿಸಿ ನಗುವವರು ಆ ಇಳಿಜಾರು ದಾರಿಯ ಸೊಗಸನ್ನೂ ಒಪ್ಪಿಕೊಳ್ಳಲಿ.

ನಮ್ಮ ಸಂಘದ ಕುಟುಂಬಗಳಿಗೆ ಇದು ದೂರದ ಮಾತೂ ಅಲ್ಲ. ಊರು ಬಿಟ್ಟು ಬಂದ ನಾವು ಭವಿಷ್ಯನಿಧಿಯ ಹಣ ಸೇರಿಸಿ, ಸಾಲ ಮಾಡಿ, ದೆಹಲಿಯ ಸುತ್ತಮುತ್ತಲೋ ನಿವೃತ್ತಿಯ ನಂತರಕ್ಕೆಂದು ಬೆಂಗಳೂರಿನಲ್ಲೋ ಫ್ಲಾಟು ಕೊಳ್ಳುತ್ತೇವೆ. ನಮಗೆ ತೋರಿಸುವುದು ಬಣ್ಣದ ಹಾಳೆಯ ಚಿತ್ರವನ್ನು, ದೀಪ ಹಚ್ಚಿ ಸಿಂಗರಿಸಿಟ್ಟ ಮಾದರಿ ಮನೆಯನ್ನು. ಮನೆ ಕಟ್ಟಿ ನೋಡು ಎಂದ ಹಿರಿಯರು ಕೊಂಡು ನೋಡುವವರಿಗೂ ಸೇರಿಸಿಯೇ ಹೇಳಿದ್ದಾರೆಂದು ತಿಳಿಯೋಣ. ಅಂಥ ಮನೆಗೆ ಮುಂಗಡ ಕೊಡುವ ಮುನ್ನ, ಅದೇ ಕಟ್ಟಡದಲ್ಲಿ ಒಂದು ಮಳೆಗಾಲ ಕಳೆದ ಗೃಹಿಣಿಯೊಬ್ಬರ ಬಾಗಿಲು ತಟ್ಟಿ, ಅಮ್ಮಾ, ಎಲ್ಲೆಲ್ಲಿ ಸೋರುತ್ತದೆ ಎಂದು ಕೇಳುವುದು ಮೇಲು. ಅವರ ಮಾತು ಯಾವ ಅತಿಥಿಪುಸ್ತಕದಲ್ಲೂ ಸಿಗುವುದಿಲ್ಲ.